ಪಿಎಚ್.ಡಿ. ನಂತರ ವಿಶ್ವವಿದ್ಯಾಲಯದ ಹೊರಗಿನ ವೃತ್ತಿ: ಬೆಂಗಳೂರು ದಂಡು ಮತ್ತು ಪೂರ್ವ ಭಾಗ

ಡಾಕ್ಟರೇಟ್ ಪದವಿ ಪಡೆದವರು ಕಾಲೇಜು ಅಥವಾ ವಿಶ್ವವಿದ್ಯಾಲಯದ ಅಧ್ಯಾಪಕ ಹುದ್ದೆ ಬಿಟ್ಟು ಉದ್ಯಮ, ಸರ್ಕಾರಿ ಪ್ರಯೋಗಾಲಯ, ಸ್ವಯಂಸೇವಾ ಸಂಸ್ಥೆ, ಮಾಧ್ಯಮ ಇಲ್ಲವೇ ಸ್ವಂತ ಉದ್ದಿಮೆಯಲ್ಲಿ ನೆಲೆ ಕಂಡುಕೊಳ್ಳುವುದೇ ವಿಶ್ವವಿದ್ಯಾಲಯದ ಹೊರಗಿನ ವೃತ್ತಿ. ಸಂಶೋಧನಾರ್ಥಿಗಳ ನಡುವಿನ ಮಾತಿನಲ್ಲಿ ಇದು ‘ಇಂಡಸ್ಟ್ರಿಗೆ ಹೋಗುವುದು’. ಹೋಗುವ ಜಾಗ ಕಾರ್ಖಾನೆಯೋ ಕಂಪನಿಯೋ ಆಗಿರದಿದ್ದರೂ ಮಾತು ಅದೇ. ಬೆಂಗಳೂರಿನ ಮಟ್ಟಿಗೆ ಈ ಪಲ್ಲಟಕ್ಕೆ ಒಂದು ದಿಕ್ಕೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ, ಹೆಬ್ಬಾಳದಾಚೆಯ ಜೀವವಿಜ್ಞಾನ ಕೇಂದ್ರಗಳು ಊರಿನ ಪಶ್ಚಿಮ ಮತ್ತು ಉತ್ತರದಲ್ಲಿವೆ. ಡಾಕ್ಟರೇಟ್ ಆದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಹಳೆಯ ದೊಡ್ಡ ಸಂಸ್ಥೆಗಳಲ್ಲಿ ಹೆಚ್ಚಿನವು ಪೂರ್ವದಲ್ಲಿವೆ: ಶಿವಾಜಿನಗರದ ಮಗ್ಗುಲಿನ ಮಿಲ್ಲರ್ಸ್ ರಸ್ತೆಯಿಂದ ಹಿಡಿದು ಹಲಸೂರು, ಇಂದಿರಾನಗರ, ದೊಮ್ಮಲೂರು, ಕೋಡಿಹಳ್ಳಿ, ವಿಮಾನಪುರ, ಸಿ.ವಿ. ರಾಮನ್ ನಗರ ದಾಟಿ ಕೆ.ಆರ್. ಪುರ, ವೈಟ್‌ಫೀಲ್ಡ್‌ವರೆಗೆ.

ಪರಿಭಾಷೆ

ಈ ಲೇಖನದಲ್ಲಿ ‘ಸಂಶೋಧನಾರ್ಥಿ’ ಎಂದರೆ ಪಿಎಚ್.ಡಿ.ಗೆ ನೋಂದಾಯಿಸಿ ಮಹಾಪ್ರಬಂಧ ಬರೆಯುತ್ತಿರುವವರು. ‘ಪೋಸ್ಟ್‌ಡಾಕ್’ ಎಂದರೆ ಪದವಿಯ ನಂತರ ಅವಧಿ ನಿಗದಿಯಾದ ಫೆಲೋಶಿಪ್ ಮೇಲೆ ಸಂಶೋಧನೆ ಮುಂದುವರಿಸುವವರು. ‘ಬೋಧಕೇತರ’ ಎಂಬ ಪದವನ್ನು ಇಲ್ಲಿ ಬಳಸಿಲ್ಲ. ಅದು ವಿಶ್ವವಿದ್ಯಾಲಯಗಳಲ್ಲಿ ಕಚೇರಿ ಮತ್ತು ತಾಂತ್ರಿಕ ಸಿಬ್ಬಂದಿಗೆ ನಿಂತುಹೋದ ಹೆಸರು.

ಸರ್ಕಾರಿ ಪ್ರಯೋಗಾಲಯಗಳನ್ನು ‘ಹೊರಗೆ’ ಎನ್ನಬೇಕೆ ಎಂಬುದರಲ್ಲಿ ಒಮ್ಮತವಿಲ್ಲ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ (ಸಿಎಸ್‌ಐಆರ್) ಸೇರಿದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ (ಎನ್‌ಎಎಲ್) ವಿಜ್ಞಾನಿಗಳು ಪ್ರಬಂಧ ಪ್ರಕಟಿಸುತ್ತಾರೆ. 2010ರಲ್ಲಿ ಸಿಎಸ್‌ಐಆರ್ ತನ್ನ ಪ್ರಯೋಗಾಲಯಗಳಿಗಾಗಿ ಎಸಿಎಸ್‌ಐಆರ್ ಎಂಬ ಅಕಾಡೆಮಿ ಕಟ್ಟಿದ ಮೇಲೆ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರೂ ಆಗಿದ್ದಾರೆ. ಆದರೂ ಅವರ ನೇಮಕ, ಬಡ್ತಿ, ಕೆಲಸದ ಗುರಿ ಯಾವುದೂ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಾವಳಿಗೆ ಒಳಪಟ್ಟಿಲ್ಲ. ಆ ಕಾರಣಕ್ಕೆ ಈ ಪ್ರಯೋಗಾಲಯಗಳನ್ನು ಇಲ್ಲಿ ವಿಶ್ವವಿದ್ಯಾಲಯದ ಹೊರಗಿನವೆಂದೇ ಎಣಿಸಲಾಗಿದೆ.

ಇತಿಹಾಸ

ಈ ಭಾಗದಲ್ಲಿ ಡಾಕ್ಟರೇಟ್ ಆದವರಿಗೆ ಕಾಲೇಜಿನಾಚೆ ಕೆಲಸ ಹುಟ್ಟಿದ್ದು ವಿಮಾನದಿಂದ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಪಾಲುಗಾರಿಕೆಯೊಂದಿಗೆ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು (ಇಂದಿನ ಎಚ್‌ಎಎಲ್) ಸ್ಥಾಪಿಸಿದರು. ಜರ್ಮನಿಯ ಗಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದಿದ್ದ ವಿ.ಎಂ. ಘಾಟಗೆ ಅಲ್ಲಿಗೆ ಸೇರಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅದನ್ನು ಕಟ್ಟಲು ಹೋದರು. ಕೆಲವು ವರ್ಷ ಪಾಠ ಹೇಳಿ ಮತ್ತೆ ಕಾರ್ಖಾನೆಗೆ ಮುಖ್ಯ ವಿನ್ಯಾಸಕಾರರಾಗಿ ಮರಳಿದರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲ ಬಾರಿ ಹಾರಿತು. ಕಾರ್ಖಾನೆಗೂ ತರಗತಿಗೂ ನಡುವೆ ಹೋಗಿಬರುವ ಈ ಪದ್ಧತಿ ಮುಂದೆಯೂ ವಿಮಾನ ಕ್ಷೇತ್ರದಲ್ಲಿ ಉಳಿದುಕೊಂಡಿತು.

ಸ್ವಾತಂತ್ರ್ಯಾನಂತರ ಪೂರ್ವದ ನೆಲದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಗಳು ಒಂದರ ಹಿಂದೊಂದು ಬೇರೂರಿದವು. 1948ರಲ್ಲಿ ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಬಂತು. 1959ರಲ್ಲಿ ದಿಲ್ಲಿಯಲ್ಲಿ ಸ್ಥಾಪನೆಯಾದ ಎನ್‌ಎಎಲ್ ಮರುವರ್ಷ ಬೆಂಗಳೂರಿಗೆ ಸ್ಥಳಾಂತರಗೊಂಡು, ಕಾಲಕ್ರಮದಲ್ಲಿ ಕೋಡಿಹಳ್ಳಿ ಮತ್ತು ಸುತ್ತಮುತ್ತ ಗಾಳಿಸುರಂಗ, ಪರೀಕ್ಷಾಗಾರಗಳನ್ನು ಕಟ್ಟಿಕೊಂಡಿತು. ವೈಮಾನಿಕ ಅಭಿವೃದ್ಧಿ ಸಂಸ್ಥೆ (ಎಡಿಇ), ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ (ಜಿಟಿಆರ್‌ಇ), ರಾಡಾರ್ ಸಂಸ್ಥೆ ಎಲ್‌ಆರ್‌ಡಿಇ ಮತ್ತು 1986ರಲ್ಲಿ ಹುಟ್ಟಿದ ಕೃತಕ ಬುದ್ಧಿಮತ್ತೆ ಹಾಗೂ ರೋಬೊಟಿಕ್ಸ್ ಕೇಂದ್ರ (ಸಿಎಐಆರ್) ಸೇರಿ ಸಿ.ವಿ. ರಾಮನ್ ನಗರವನ್ನು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ (ಡಿಆರ್‌ಡಿಒ) ಬಡಾವಣೆಯನ್ನಾಗಿ ಮಾಡಿದವು. ಕೃತಕ ಬುದ್ಧಿಮತ್ತೆ ದಿನಪತ್ರಿಕೆಯ ಮುಖಪುಟಕ್ಕೆ ಬರುವುದಕ್ಕೆ ದಶಕಗಳ ಮೊದಲೇ ಆ ಹೆಸರಿನ ಸರ್ಕಾರಿ ಫಲಕ ಬೆಂಗಳೂರಿನಲ್ಲಿತ್ತು.

ಅಧ್ಯಾಪನದಿಂದ ಹೊರಬಂದವರಲ್ಲಿ ಕನ್ನಡಿಗರಿಗೆ ಚಿರಪರಿಚಿತ ಹೆಸರು ಯು.ಆರ್. ರಾವ್ (1932–2017). ಉಡುಪಿ ಬಳಿಯ ಅದಮಾರಿನವರಾದ ಅವರು ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ಕಾಸ್ಮಿಕ್ ಕಿರಣಗಳ ಮೇಲೆ ಡಾಕ್ಟರೇಟ್ ಮಾಡಿದರು. ಎಂಐಟಿಯಲ್ಲಿ ಸಂಶೋಧನೆ, ಟೆಕ್ಸಸ್‌ನಲ್ಲಿ ಅಧ್ಯಾಪನ ಮುಗಿಸಿ 1966ರಲ್ಲಿ ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯಕ್ಕೆ ಪ್ರಾಧ್ಯಾಪಕರಾಗಿ ಮರಳಿದರು. 1972ರಲ್ಲಿ ಉಪಗ್ರಹ ಕಟ್ಟುವ ಹೊಣೆ ಹೊತ್ತು ಬೆಂಗಳೂರಿಗೆ ಬಂದರು. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಆ ತಂಡವೇ ಮುಂದೆ ಇಸ್ರೊ ಉಪಗ್ರಹ ಕೇಂದ್ರವಾಗಿ ಬೆಳೆದು ವಿಮಾನಪುರದ ಹಳೆ ಏರ್‌ಪೋರ್ಟ್ ರಸ್ತೆಗೆ ಬಂತು. 2018ರಿಂದ ಅದಕ್ಕೆ ಅವರದೇ ಹೆಸರು.

ಖಾಸಗಿ ವಲಯದ ಬಾಗಿಲು ತೆರೆದದ್ದು ದಂಡು ಪ್ರದೇಶದಲ್ಲಿ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ ವಿನ್ಯಾಸ ಕೇಂದ್ರ ತೆರೆದು, ಉಪಗ್ರಹ ಸಂಪರ್ಕದ ಮೂಲಕ ಅಮೆರಿಕಕ್ಕೆ ಕೆಲಸ ಕಳಿಸತೊಡಗಿತು. ಆ ಸಂಸ್ಥೆ ಈಗ ಸಿ.ವಿ. ರಾಮನ್ ನಗರದ ಬಾಗಮನೆ ಟೆಕ್ ಪಾರ್ಕಿನಲ್ಲಿದೆ. ರಕ್ಷಣಾ ಪ್ರಯೋಗಾಲಯಗಳೂ ಚಿಪ್ ಕಂಪನಿಗಳೂ ಅಲ್ಲಿ ಅಕ್ಕಪಕ್ಕದ ಬೀದಿಗಳಲ್ಲಿವೆ. 1998ರಲ್ಲಿ ಸ್ಯಾಪ್ ಲ್ಯಾಬ್ಸ್ ಮತ್ತು 2000ದಲ್ಲಿ ಜನರಲ್ ಎಲೆಕ್ಟ್ರಿಕ್‌ನ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರ ಬಂದ ಮೇಲೆ ಗುರುತ್ವ ವೈಟ್‌ಫೀಲ್ಡ್ ಕಡೆಗೆ ವಾಲಿತು. ವೆಲ್ಚ್ ಕೇಂದ್ರದ ಮಹತ್ವ ಬೇರೆ ರೀತಿಯದು. ಅಲ್ಲಿಯವರೆಗೆ ಬೆಂಗಳೂರಿನ ಕಂಪನಿಗಳು ಡಾಕ್ಟರೇಟ್ ಆದವರನ್ನು ಹೆಚ್ಚಾಗಿ ತಂತ್ರಾಂಶಕ್ಕೆ ಕರೆಯುತ್ತಿದ್ದವು; ಇಲ್ಲಿ ಲೋಹವಿಜ್ಞಾನಿ ಲೋಹದ ಮೇಲೆ, ದ್ರವಚಲನ ವಿಜ್ಞಾನಿ ಜೆಟ್ ಎಂಜಿನ್ನಿನ ಮೇಲೆ, ತಾನು ಕಲಿತ ವಿಷಯದಲ್ಲೇ ಕೆಲಸ ಮಾಡುವುದು ಸಾಧ್ಯವಾಯಿತು.

ಕಾರಣಗಳು

ಮೊದಲ ಕಾರಣ ಹುದ್ದೆಗಳ ಕೊರತೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಪಿಎಚ್.ಡಿ. ನೋಂದಣಿ 2014–15ರಲ್ಲಿ 1.17 ಲಕ್ಷವಿದ್ದದ್ದು 2021–22ಕ್ಕೆ 2.12 ಲಕ್ಷಕ್ಕೆ ಏರಿತು. ಖಾಯಂ ನೇಮಕಾತಿ ಆ ಓಟಕ್ಕೆ ಹೆಜ್ಜೆ ಹಾಕಲಿಲ್ಲ. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಬಂದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಸಿತು. ಇಂಥ ದೊಡ್ಡ ನೇಮಕಾತಿ ವರ್ಷವರ್ಷ ಬರುವುದಲ್ಲ. ಒಂದು ತಪ್ಪಿದರೆ ಮುಂದಿನದಕ್ಕೆ ಹಲವು ವರ್ಷ ಕಾಯಬೇಕು. ಈ ನಡುವೆ ಕಾಲೇಜುಗಳು ನಡೆಯುವುದು ಅತಿಥಿ ಉಪನ್ಯಾಸಕರಿಂದ. ರಾಜ್ಯದಲ್ಲಿ ಅವರ ಸಂಖ್ಯೆ ಹತ್ತು ಸಾವಿರಕ್ಕೂ ಮಿಕ್ಕದ್ದು. ಧರಣಿ, ಮುಷ್ಕರಗಳ ನಂತರ 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು ವಿದ್ಯಾರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ ತಿಂಗಳಿಗೆ 26,000ದಿಂದ 32,000 ರೂಪಾಯಿವರೆಗೆ ಹೆಚ್ಚಿಸಿತು. ಅದಕ್ಕೆ ಮೊದಲು ಅದು 11,000 ಮತ್ತು 13,000 ಇತ್ತು.

ಎರಡನೆಯದು, ಅರ್ಹತಾ ನಿಯಮಗಳ ಏರುಪೇರು. ಯುಜಿಸಿಯ 2018ರ ನಿಯಮಾವಳಿ ವಿಶ್ವವಿದ್ಯಾಲಯ ವಿಭಾಗಗಳ ಸಹಾಯಕ ಪ್ರಾಧ್ಯಾಪಕರಿಗೆ 2021ರ ಜುಲೈ 1ರಿಂದ ಪಿಎಚ್.ಡಿ. ಕಡ್ಡಾಯವೆಂದಿತು. ಕೋವಿಡ್ ಕಾರಣಕ್ಕೆ ಆ ದಿನಾಂಕ 2023ರ ಜುಲೈಗೆ ಹೋಯಿತು. ಅದು ಬರುವ ಹೊತ್ತಿಗೆ ನಿಯಮವೇ ಬದಲಾಗಿ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆಯಾಯಿತು, ಪಿಎಚ್.ಡಿ. ಐಚ್ಛಿಕವಾಯಿತು. ಕಡ್ಡಾಯವಾಗುತ್ತದೆಂದು ನಂಬಿ ನೋಂದಾಯಿಸಿಕೊಂಡವರು ಮಹಾಪ್ರಬಂಧದ ನಡುವೆಯೇ ಲೆಕ್ಕ ಬದಲಿಸಬೇಕಾಯಿತು.

ಮೂರನೆಯದು ಕಾಲ ಮತ್ತು ಹಣ. 2022ರ ನಿಯಮಾವಳಿಯಂತೆ ಪಿಎಚ್.ಡಿ.ಯ ಅವಧಿ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಮಹಾಪ್ರಬಂಧ ಒಪ್ಪಿಸಿದ ಮೇಲೆ ಹೊರಗಿನ ಪರೀಕ್ಷಕರ ವರದಿ ಬಂದು ಮೌಖಿಕ ಪರೀಕ್ಷೆ ಆಗುವವರೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಆ ತಿಂಗಳುಗಳಲ್ಲಿ ಫೆಲೋಶಿಪ್ ನಿಂತಿರುವುದೇ ಹೆಚ್ಚು. ಕಂಪನಿಗೆ ಅರ್ಜಿ ಹಾಕುವುದು ಬಹುಪಾಲು ಈ ಖಾಲಿ ಅವಧಿಯಲ್ಲಿ ಶುರುವಾಗುತ್ತದೆ.

ವಿಧಗಳು

ಸರ್ಕಾರಿ ಪ್ರಯೋಗಾಲಯ. ಇದೇ ಭಾಗದ ಮೂರು ಸಂಸ್ಥೆಗಳು ಡಾಕ್ಟರೇಟನ್ನು ಮೂರು ಬಗೆಯಲ್ಲಿ ತೂಗುತ್ತವೆ. ಡಿಆರ್‌ಡಿಒದ ‘ಸೈಂಟಿಸ್ಟ್ ಬಿ’ ಹುದ್ದೆಗೆ ಗೇಟ್ ಅಂಕ ಮತ್ತು ಸಂದರ್ಶನ ಮುಖ್ಯ, ಬಿ.ಇ. ಮುಗಿಸಿದವರೂ ಪಿಎಚ್.ಡಿ. ಆದವರೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇಸ್ರೊದಲ್ಲಿ ಡಾಕ್ಟರೇಟ್ ಆದವರಿಗೆಂದೇ ‘ವಿಜ್ಞಾನಿ/ಎಂಜಿನಿಯರ್ ಎಸ್‌ಡಿ’ ಹುದ್ದೆಗಳಿದ್ದು, ಅದು ‘ಎಸ್‌ಸಿ’ಗಿಂತ ಒಂದು ಮೆಟ್ಟಿಲು ಮೇಲೆ. ಎನ್‌ಎಎಲ್‌ನ ‘ವಿಜ್ಞಾನಿ’ ಹುದ್ದೆಗೆ ಎಂ.ಟೆಕ್. ಅಥವಾ ಪಿಎಚ್.ಡಿ. ಬೇಕು. ಅಂತಸ್ತು ಬದಲಾದರೂ ಒಳಹೊಕ್ಕ ಮೇಲಿನ ಕೆಲಸ ಒಂದೇ ಬಗೆಯದು: ತಂಡದ ಯೋಜನೆ, ಪರಿಶೀಲನಾ ಸಭೆ, ಖರೀದಿ ಕಡತ, ಪರೀಕ್ಷಾ ವರದಿ. ರಕ್ಷಣಾ ಪ್ರಯೋಗಾಲಯಗಳಲ್ಲಿ ಮಾಡಿದ ಕೆಲಸದ ದೊಡ್ಡ ಪಾಲು ಪ್ರಕಟವಾಗುವುದಿಲ್ಲ. ಕೆಲವು ವರ್ಷ ಅಲ್ಲಿ ಕಳೆದವರಿಗೆ ವಿಶ್ವವಿದ್ಯಾಲಯಕ್ಕೆ ಮರಳಲು ಬೇಕಾದ ಪ್ರಕಟಣೆಗಳ ಪಟ್ಟಿ ಬೆಳೆದಿರುವುದಿಲ್ಲ. ಈ ದಾರಿಯಲ್ಲಿ ಹೋದವರು ಹೆಚ್ಚಾಗಿ ಅಲ್ಲೇ ನಿವೃತ್ತರಾಗುವುದಕ್ಕೆ ಇದೂ ಒಂದು ಕಾರಣ.

ಕಂಪನಿಯ ಸಂಶೋಧನಾ ವಿಭಾಗ. ಹೂಡಿ–ವೈಟ್‌ಫೀಲ್ಡ್ ಸುತ್ತಿನ ವೆಲ್ಚ್ ಕೇಂದ್ರ, ಯೂನಿಲಿವರ್‌ನ ಸಂಶೋಧನಾ ಕೇಂದ್ರ, ಮರ್ಸಿಡಿಸ್-ಬೆಂಜ್‌ನ ವಿನ್ಯಾಸ ಘಟಕ, ಸಿ.ವಿ. ರಾಮನ್ ನಗರದ ಅರೆವಾಹಕ ಕಂಪನಿಗಳು ಈ ಬಗೆಯವು. ಯೂನಿಲಿವರ್‌ನಲ್ಲಿ ಸಾಬೂನು, ಚಹಾ, ಚರ್ಮದ ಕ್ರೀಮುಗಳ ಹಿಂದಿನ ರಸಾಯನವಿಜ್ಞಾನವೇ ಸಂಶೋಧನೆ. ಈ ವಿಭಾಗಗಳಲ್ಲಿ ಫಲಿತಾಂಶ ಮೊದಲು ಆವಿಷ್ಕಾರ ಘೋಷಣೆಯ ನಮೂನೆಯಾಗಿ ಕಾನೂನು ವಿಭಾಗಕ್ಕೆ ಹೋಗುತ್ತದೆ. ಪೇಟೆಂಟ್ ಅರ್ಜಿ ಸಲ್ಲಿಕೆಯಾಗುವವರೆಗೆ ಸಮ್ಮೇಳನದಲ್ಲಿ ಬಾಯಿಬಿಡುವಂತಿಲ್ಲ. ಪ್ರಕಟಣೆಗೇ ಬೆಲೆ ಕಟ್ಟುವ ವಾತಾವರಣದಿಂದ ಬಂದವರಿಗೆ ಹೊಂದಿಕೊಳ್ಳಲು ಹೆಚ್ಚು ಸಮಯ ಹಿಡಿಯುವುದು ಇಲ್ಲಿಯೇ. ಇನ್ನೊಂದು ವ್ಯತ್ಯಾಸ ಯೋಜನೆಯ ಆಯಸ್ಸು: ನಾಲ್ಕೈದು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿದವರು ಮೂರು ತಿಂಗಳ ಗಡುವಿಗೆ ಕೆಲಸ ಮಾಡಬೇಕು, ಫಲ ಕಾಣದಿದ್ದರೆ ಯೋಜನೆಯನ್ನೇ ಬಿಡಬೇಕು.

ದತ್ತಾಂಶ ಮತ್ತು ತಂತ್ರಾಂಶ. ಭೌತವಿಜ್ಞಾನ, ಗಣಿತ, ಸಂಖ್ಯಾಶಾಸ್ತ್ರ, ಖಗೋಳವಿಜ್ಞಾನದಿಂದ ಬರುವವರಿಗೆ ವಿಷಯ ಬಿಟ್ಟರೂ ವಿಧಾನ ಉಳಿಯುವ ದಾರಿ ಇದು. ಹಳೆ ಮದ್ರಾಸ್ ರಸ್ತೆ, ದೊಮ್ಮಲೂರಿನ ಗಾಲ್ಫ್ ಲಿಂಕ್ಸ್, ಹೊರ ವರ್ತುಲ ರಸ್ತೆಯ ಬ್ಯಾಂಕಿಂಗ್, ಚಿಲ್ಲರೆ ವ್ಯಾಪಾರ, ತಂತ್ರಾಂಶ ಕಂಪನಿಗಳು ಇವರನ್ನು ‘ಡೇಟಾ ಸೈಂಟಿಸ್ಟ್’ ಮೊದಲಾದ ಹೆಸರುಗಳಲ್ಲಿ ತೆಗೆದುಕೊಳ್ಳುತ್ತವೆ. ಸಂದರ್ಶನದ ಮೊದಲ ಸುತ್ತು ಎಸ್‌ಕ್ಯುಎಲ್, ಪೈಥಾನ್ ಮೇಲೆ. ಮಹಾಪ್ರಬಂಧದ ಮಾತು ಬಂದರೆ ಕೊನೆಯ ಸುತ್ತಿನಲ್ಲಿ.

ಪೇಟೆಂಟ್ ಕೆಲಸ. ಹೆಚ್ಚು ಜನರಿಗೆ ಗೊತ್ತಿಲ್ಲದ, ಆದರೆ ವಿಜ್ಞಾನದ ಡಾಕ್ಟರೇಟಿಗೆ ನೇರವಾಗಿ ಹೊಂದುವ ಕ್ಷೇತ್ರ. ಪೇಟೆಂಟ್ ಏಜೆಂಟ್ ಆಗಲು 21 ವರ್ಷ ತುಂಬಿದ ಭಾರತೀಯ ಪ್ರಜೆಯಾಗಿರಬೇಕು. ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದಲ್ಲಿ ಪದವಿ ಇರಬೇಕು. ಪೇಟೆಂಟ್ ಕಚೇರಿ ನಡೆಸುವ ಪರೀಕ್ಷೆ ಗೆಲ್ಲಬೇಕು. ಕಾನೂನು ಪದವಿ ಬೇಕಿಲ್ಲ. ಪರೀಕ್ಷೆಯಲ್ಲಿ ತಲಾ 100 ಅಂಕಗಳ ಎರಡು ಪತ್ರಿಕೆ, 50 ಅಂಕಗಳ ಮೌಖಿಕ. ಪ್ರತಿ ಪತ್ರಿಕೆಯಲ್ಲಿ ಶೇ. 50, ಒಟ್ಟಾರೆ ಶೇ. 60 ಬಂದರೆ ತೇರ್ಗಡೆ. ಎರಡನೇ ಪತ್ರಿಕೆಯ ತಿರುಳು ಪೇಟೆಂಟ್ ವಿವರಣೆ ಮತ್ತು ಹಕ್ಕುಸಾಧನೆಗಳ ಕರಡು ಬರೆಯುವುದು. ಒಂದೇ ವಾಕ್ಯದಲ್ಲಿ, ಅಲ್ಪವಿರಾಮ ತಪ್ಪಿದರೂ ವ್ಯಾಪ್ತಿ ಬದಲಾಗುವಂತೆ ಬರೆಯುವ ಈ ಕೆಲಸಕ್ಕೆ ಪ್ರಯೋಗ ಗೊತ್ತಿದ್ದು ಭಾಷೆಯ ಹಿಡಿತವೂ ಇದ್ದವರು ಬೇಕು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಕರಡು ತಯಾರಾಗುವುದು ಮಾತ್ರ ಬೆಂಗಳೂರಿನ ಕಾನೂನು ಸಂಸ್ಥೆಗಳಲ್ಲಿ ಮತ್ತು ಕಂಪನಿಗಳ ಒಳಗೆ. ಅರ್ಜಿ ತಪಾಸಣೆಯ ಸರ್ಕಾರಿ ಕೆಲಸವೂ ಇದೆ: 2023ರಲ್ಲಿ ದೇಶದಾದ್ಯಂತ 553 ಪೇಟೆಂಟ್ ಪರೀಕ್ಷಕ ಹುದ್ದೆಗಳಿಗೆ ಅರ್ಜಿ ಕರೆಯಲಾಗಿತ್ತು.

ಸ್ವಂತ ಉದ್ದಿಮೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಕಟ್ಟಿದ ಸ್ಟ್ರ್ಯಾಂಡ್ ಜೀನೋಮಿಕ್ಸ್ (ನಂತರ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್) ಬೆಂಗಳೂರಿನಲ್ಲಿ ಮೇಲ್ಪಂಕ್ತಿ ಹಾಕಿತು. ಜೀವತಂತ್ರಜ್ಞಾನದಲ್ಲಿ ಕೇಂದ್ರ ಸರ್ಕಾರದ ಬಿರಾಕ್ ನೀಡುವ ‘ಬಿಗ್’ ಅನುದಾನ 18 ತಿಂಗಳಿಗೆ 50 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯ ಮಿತಿಯೂ 50 ಲಕ್ಷ.

ನೀತಿ, ಪರಿಸರ, ನಾಗರಿಕ ಸಂಸ್ಥೆಗಳು. ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಯ ದಕ್ಷಿಣ ಭಾರತ ಕೇಂದ್ರವಿದೆ. 2008ರಲ್ಲಿ ಆರಂಭವಾದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ನೆಲೆಯೂರಿದ್ದೂ ಅದೇ ಬಡಾವಣೆಯಲ್ಲಿ. ಸಮಾಜವಿಜ್ಞಾನದ ಡಾಕ್ಟರೇಟ್ ಆದವರಿಗೆ ಕ್ಷೇತ್ರಕಾರ್ಯ ಮತ್ತು ವರದಿ ಬರವಣಿಗೆ ಇಲ್ಲಿ ನೇರ ಉಪಯೋಗಕ್ಕೆ ಬರುತ್ತವೆ. ಹುದ್ದೆಗಳು ಯೋಜನೆಯ ಅನುದಾನಕ್ಕೆ ಕಟ್ಟುಬಿದ್ದವು.

ಕನ್ನಡ ಮತ್ತು ಮಾನವಿಕ ವಿಷಯಗಳು

ಮೇಲಿನ ದಾರಿಗಳಲ್ಲಿ ಹೆಚ್ಚಿನವು ವಿಜ್ಞಾನ, ಎಂಜಿನಿಯರಿಂಗ್‌ನವರಿಗೆ. ಕನ್ನಡ, ಇತಿಹಾಸ, ಸಮಾಜಶಾಸ್ತ್ರ, ಜಾನಪದದಲ್ಲಿ ಡಾಕ್ಟರೇಟ್ ಮಾಡಿದವರಿಗೆ ಅದೇ ಕೆ.ಆರ್. ಪುರದಲ್ಲಿ ಟೆಕ್ ಪಾರ್ಕಿನ ಕಚೇರಿಗಿಂತ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕ ಹುದ್ದೆಯೇ ಹತ್ತಿರದ್ದು. ಕಾರಣ ಪದವಿಯ ಉದ್ದೇಶದಲ್ಲೇ ಇದೆ. ಮಾನವಿಕಗಳ ಪಿಎಚ್.ಡಿ. ಕರ್ನಾಟಕದಲ್ಲಿ ಬೆಳೆದದ್ದು ಅಧ್ಯಾಪಕ ವೃತ್ತಿಯ ಬಡ್ತಿ ಮತ್ತು ಅರ್ಹತೆಗೆ ಅಂಟಿಕೊಂಡು. ನೋಂದಾಯಿಸುವವರಲ್ಲಿ ಅನೇಕರು ಆಗಲೇ ಕಾಲೇಜಿನಲ್ಲಿ ಪಾಠ ಮಾಡುತ್ತಿರುವವರು. ವಿಜ್ಞಾನದ ಸಂಶೋಧನಾರ್ಥಿ ಹೊರಗೆ ಹೋದರೆ ‘ಒಳ್ಳೆಯ ಆಫರ್ ಬಂತು’ ಎನ್ನುತ್ತಾರೆ. ಕನ್ನಡದವರು ಹೋದರೆ ‘ಕೆಲಸ ಸಿಗಲಿಲ್ಲ’ ಎನ್ನುತ್ತಾರೆ. ಎರಡು ಮಾತುಗಳ ಹಿಂದೆಯೂ ಇರುವುದು ಒಂದೇ ಸಂಗತಿ, ಖಾಯಂ ಹುದ್ದೆಯ ಅಭಾವ.

ಇದ್ದ ದಾರಿಗಳಲ್ಲಿ ಹಳೆಯದು ಪತ್ರಿಕೋದ್ಯಮ. 1948ರಲ್ಲಿ ಆರಂಭವಾದ ಪ್ರಜಾವಾಣಿಯ ಕಚೇರಿ ದಂಡು ಪ್ರದೇಶದ ಮಹಾತ್ಮ ಗಾಂಧಿ ರಸ್ತೆಯಲ್ಲಿದೆ. ಪ್ರಕಾಶನ, ಅನುವಾದ, ಪಠ್ಯಪುಸ್ತಕ ರಚನೆ, ಶಿಕ್ಷಣ ಕ್ಷೇತ್ರದ ಸಂಸ್ಥೆಗಳು ಅದರ ನಂತರದವು. ರಾಜ್ಯ ನಾಗರಿಕ ಸೇವೆಯ ಪರೀಕ್ಷೆ ಬರೆಯುವವರೂ ಇದ್ದಾರೆ, ಅಲ್ಲಿ ಪಿಎಚ್.ಡಿ.ಗೆ ಪ್ರತ್ಯೇಕ ಅಂಕವಿಲ್ಲ, ಸಂಶೋಧನೆಗೆ ಕೊಟ್ಟ ವರ್ಷಗಳು ವಯೋಮಿತಿಯನ್ನು ತಿನ್ನುತ್ತವೆ.

ಕನ್ನಡ ಮತ್ತು ಗಣಕ ಸೇರುವ ಕಡೆ ಹೊಸ ಕೆಲಸಗಳು ಹುಟ್ಟಿವೆ. ಈ ದಾರಿಯ ಆರಂಭದ ಉದಾಹರಣೆ ಯು.ಬಿ. ಪವನಜ. ರಸಾಯನವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿ ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಅವರು 1996ರಲ್ಲಿ ‘ವಿಶ್ವಕನ್ನಡ’ ಜಾಲಪತ್ರಿಕೆ ಆರಂಭಿಸಿದರು, ಆಮೇಲೆ ಆ ಹುದ್ದೆ ಬಿಟ್ಟು ಬೆಂಗಳೂರಿಗೆ ಬಂದು ಕನ್ನಡದ ಗಣಕೀಕರಣವನ್ನೇ ವೃತ್ತಿಯಾಗಿಸಿಕೊಂಡರು. ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಭಾರತೀಯ ಭಾಷೆಗಳ ಕಾರ್ಯಕ್ರಮದಲ್ಲೂ ಕನ್ನಡ ವಿಕಿಪೀಡಿಯಕ್ಕಾಗಿ ದುಡಿದರು. ಅವರು ಬಂದದ್ದು ವಿಜ್ಞಾನದ ಕಡೆಯಿಂದ ಎಂಬುದು ಗಮನಾರ್ಹ. 2022ರಲ್ಲಿ ಕೇಂದ್ರದ ಭಾಷಿಣಿ ಯೋಜನೆ ಚಾಲನೆ ಪಡೆದ ಮೇಲೆ, ಭಾಷಾ ಮಾದರಿ ಕಟ್ಟುವ ಕಂಪನಿಗಳು ಬೆಂಗಳೂರಿನಲ್ಲಿ ನೆಲೆಯೂರಿದ ಮೇಲೆ, ಭಾಷಾಶಾಸ್ತ್ರದವರಿಗೂ ಬೇಡಿಕೆ ಬಂದಿದೆ: ಉಪಭಾಷೆಗಳ ಧ್ವನಿಮುದ್ರಣ ವಿಂಗಡಿಸುವುದು, ಸಂಧಿ ಬಿಡಿಸಿ ಗುರುತು ಹಾಕುವುದು, ಯಂತ್ರಾನುವಾದದ ತಪ್ಪು ತೂಗುವುದು. ಧಾರವಾಡದ ಮಾತು, ಕುಂದಾಪುರದ ಮಾತು, ಚಾಮರಾಜನಗರದ ಮಾತು ಕಿವಿಯಿಂದಲೇ ಬೇರ್ಪಡಿಸಬಲ್ಲವರು ಕನ್ನಡ ವಿಭಾಗಗಳಲ್ಲೇ ಇರುವುದು. ಇವುಗಳಲ್ಲಿ ಬಹಳಷ್ಟು ತುಂಡುಗುತ್ತಿಗೆಯ ಕೆಲಸ.

ನೇಮಕಾತಿಯ ರೀತಿ

ವಿಶ್ವವಿದ್ಯಾಲಯಕ್ಕೆ ಸಲ್ಲುವ ಬಯೋಡೇಟಾ ಹತ್ತು ಹನ್ನೆರಡು ಪುಟದ್ದು: ಪ್ರಕಟಣೆ, ಸಮ್ಮೇಳನ, ವಿಚಾರ ಸಂಕಿರಣ, ಪುನಶ್ಚೇತನ ಶಿಬಿರ, ಪ್ರತಿಯೊಂದಕ್ಕೂ ಪ್ರಮಾಣಪತ್ರದ ನೆರಳಚ್ಚು. ಕಂಪನಿಯ ರೆಸ್ಯೂಮೆ ಎರಡು ಪುಟ. ಮಹಾಪ್ರಬಂಧದ ಶೀರ್ಷಿಕೆ ಅದರಲ್ಲಿ ಒಂದು ಸಾಲಿಗೆ ಇಳಿಯುತ್ತದೆ. ಸಮ್ಮೇಳನಗಳ ಪಟ್ಟಿ ಪೂರ್ತಿ ಹೋಗುತ್ತದೆ. ಉಪಕರಣ ಕೆಟ್ಟಾಗ ರಿಪೇರಿ ಮಾಡಿಸಿದ್ದು, ಇಬ್ಬರು ಕಿರಿಯರಿಗೆ ಕೆಲಸ ಕಲಿಸಿದ್ದು, ಬೇಕಾದ ರಾಸಾಯನಿಕಕ್ಕೆ ಟೆಂಡರ್ ಕರೆದು ತರಿಸಿದ್ದು ಮುಂತಾಗಿ ಹಿಂದೆ ಎಲ್ಲೂ ಬರೆಯದೇ ಇದ್ದ ಸಂಗತಿಗಳು ಮೇಲಕ್ಕೆ ಬರುತ್ತವೆ. ಸಂಶೋಧನಾ ವಿಭಾಗಗಳ ಸಂದರ್ಶನದಲ್ಲಿ ಒಂದು ಗಂಟೆಯ ಉಪನ್ಯಾಸವಿರುತ್ತದೆ. ಕೇಳುವವರಲ್ಲಿ ಅರ್ಧ ಜನ ಬೇರೆ ವಿಷಯದವರು, ಹಾಗಾಗಿ ‘ಇದರಿಂದ ಏನು ಉಪಯೋಗ’ ಎಂಬ ಪ್ರಶ್ನೆ ಖಚಿತ.

ಕೆಲಸ ಖಾತ್ರಿಯಾದ ಮೇಲೆ ತೊಡಕಾಗುವುದು ಕಾಗದಪತ್ರ. ಹಿನ್ನೆಲೆ ಪರಿಶೀಲಿಸುವವರು ಪದವಿ ಪ್ರಮಾಣಪತ್ರ ಕೇಳುತ್ತಾರೆ. ಘಟಿಕೋತ್ಸವ ಇನ್ನೂ ದೂರವಿದ್ದರೆ ತಾತ್ಕಾಲಿಕ ಪ್ರಮಾಣಪತ್ರ ಬೇಕು. ಅದಕ್ಕೆ ಗ್ರಂಥಾಲಯ, ಹಾಸ್ಟೆಲ್, ವಿಭಾಗಗಳಿಂದ ಬಾಕಿಯಿಲ್ಲವೆಂಬ ಸಹಿ ಬೇಕು, ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಶೋಧಗಂಗಾ ಭಂಡಾರಕ್ಕೆ ಒಪ್ಪಿಸಿರಬೇಕು. ಮೌಖಿಕ ಪರೀಕ್ಷೆಗೆ ಮೊದಲೇ ಸೇರುವವರನ್ನು ಕೆಲವು ಕಂಪನಿಗಳು ‘ಮಹಾಪ್ರಬಂಧ ಸಲ್ಲಿಸಲಾಗಿದೆ’ ಎಂಬ ಮಾರ್ಗದರ್ಶಕರ ಪತ್ರದ ಮೇಲೆ ತೆಗೆದುಕೊಂಡು, ಪದವಿ ಕೈಗೆ ಬಂದ ಮೇಲೆ ಅಂತಸ್ತು ಸರಿಪಡಿಸುತ್ತವೆ.

ವೇತನ

2023ರ ಜನವರಿಯಿಂದ ಕೇಂದ್ರ ಸರ್ಕಾರದ ಕಿರಿಯ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಹಿರಿಯದು 42,000, ಪದವಿ ನಂತರದ ರಿಸರ್ಚ್ ಅಸೋಸಿಯೇಟ್‌ಗೆ 58,000ದಿಂದ 67,000. ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ 57,700; ಡಿಆರ್‌ಡಿಒ ‘ಬಿ’ ಮತ್ತು ಇಸ್ರೊ ‘ಎಸ್‌ಸಿ’ ವಿಜ್ಞಾನಿಗೆ 56,100; ಇಸ್ರೊ ‘ಎಸ್‌ಡಿ’ ಮತ್ತು ಎನ್‌ಎಎಲ್ ವಿಜ್ಞಾನಿಗೆ 67,700. ಇವುಗಳ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರುತ್ತವೆ. ಖಾಯಂ ಅಧ್ಯಾಪಕರಿಗೂ ಸರ್ಕಾರಿ ವಿಜ್ಞಾನಿಗೂ ಸಂಬಳದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಕಂದಕ ಇರುವುದು ಖಾಯಂ ಅಧ್ಯಾಪಕರಿಗೂ ಅತಿಥಿ ಉಪನ್ಯಾಸಕರಿಗೂ ನಡುವೆ, ಒಂದೇ ಸ್ಟಾಫ್ ರೂಮಿನ ಒಳಗೆ.

ಕಂಪನಿಗಳಲ್ಲಿ ವಾರ್ಷಿಕ ಒಟ್ಟು ವೆಚ್ಚವನ್ನು (ಸಿಟಿಸಿ) ಹೇಳುವುದು ರೂಢಿ. ಅದರಲ್ಲಿ ಕಂಪನಿ ಕಟ್ಟುವ ಭವಿಷ್ಯನಿಧಿ, ಗ್ರಾಚ್ಯುಟಿ, ಕೆಲಸ ನೋಡಿ ಕೊಡುವ ಬೋನಸ್ ಎಲ್ಲ ಸೇರಿರುವುದರಿಂದ ಕೈಗೆ ಬರುವ ಮೊತ್ತ ಕಡಿಮೆ. ಫೆಲೋಶಿಪ್‌ಗೆ 1961ರ ಆದಾಯ ತೆರಿಗೆ ಕಾಯ್ದೆಯ 10(16)ನೇ ಕಲಮಿನಲ್ಲಿ ವಿನಾಯಿತಿಯಿತ್ತು, ಸಂಬಳಕ್ಕೆ ಅದಿಲ್ಲ. ಮೊದಲ ತಿಂಗಳ ವೇತನ ಚೀಟಿ ಹಲವರಿಗೆ ಈ ಎರಡು ಪಾಠವನ್ನೂ ಒಟ್ಟಿಗೆ ಹೇಳುತ್ತದೆ.

ಹಿಮ್ಮುಖ ಚಲನೆ

ಹೊರಗಿನಿಂದ ಒಳಕ್ಕೆ ಬರುವ ದಾರಿ ಕಿರಿದು, ಆದರೆ ಮುಚ್ಚಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ರೊದ್ದಂ ನರಸಿಂಹ 1984ರಿಂದ 1993ರವರೆಗೆ ಎನ್‌ಎಎಲ್ ನಿರ್ದೇಶಕರಾಗಿದ್ದು, ನಂತರವೂ ಅಧ್ಯಯನ ಸಂಸ್ಥೆಗಳಲ್ಲಿ ಸಂಶೋಧನೆ ಮುಂದುವರಿಸಿದರು. ಅಂಥ ಎತ್ತರದಲ್ಲಿ ಸಾಧ್ಯವಿದ್ದದ್ದು ಕೆಳ ಹಂತದಲ್ಲಿ ಕಷ್ಟ: ಯುಜಿಸಿ ನಿಯಮಾವಳಿಯ ಅಂಕ ಲೆಕ್ಕ ಪ್ರಕಟಣೆ ಮತ್ತು ಬೋಧನಾನುಭವದ ಸುತ್ತ ಇರುವುದರಿಂದ ಕಂಪನಿಯ ಹತ್ತು ವರ್ಷ ಅಲ್ಲಿ ಅಷ್ಟಾಗಿ ಎಣಿಕೆಗೆ ಬರುವುದಿಲ್ಲ. 2022ರಲ್ಲಿ ಯುಜಿಸಿ ತಂದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿ ಕನಿಷ್ಠ 15 ವರ್ಷ ವೃತ್ತಿ ಅನುಭವವಿದ್ದವರನ್ನು, ಮಂಜೂರಾದ ಹುದ್ದೆಗಳ ಶೇ. 10 ಮೀರದಂತೆ, ಗರಿಷ್ಠ 4 ವರ್ಷಕ್ಕೆ ನೇಮಿಸಲು ಅವಕಾಶ ಕೊಟ್ಟಿದೆ. ಇದು ಖಾಯಂ ಹುದ್ದೆಯಲ್ಲ.

ಇಂದಿನ ಸ್ಥಿತಿ

ಭಾರತ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ದೇಶೀಯ ಉತ್ಪನ್ನದ ಶೇ. 0.64ರಷ್ಟು (2020–21), ಅದರಲ್ಲೂ ಖಾಸಗಿ ಉದ್ಯಮದ ಪಾಲು ಚಿಕ್ಕದು. ಹಾಗಾಗಿ ಬೆಂಗಳೂರಿನ ಪೂರ್ವದಲ್ಲಿ ಕಾಣುವ ಖಾಸಗಿ ಸಂಶೋಧನೆಯ ದೊಡ್ಡ ಭಾಗ ವಿದೇಶಿ ಕಂಪನಿಗಳದ್ದು. ಅವುಗಳ ಬಜೆಟ್ಟು ತೀರ್ಮಾನವಾಗುವುದು ಬೇರೆ ದೇಶದಲ್ಲಿ, ನೇಮಕಾತಿಯ ಏರಿಳಿತವೂ ಅದನ್ನೇ ಅನುಸರಿಸುತ್ತದೆ. ರಾಜ್ಯ ಸರ್ಕಾರದ 2024–29ರ ಜಾಗತಿಕ ಸಾಮರ್ಥ್ಯ ಕೇಂದ್ರಗಳ ನೀತಿ 2029ರೊಳಗೆ ಇಂಥ 500 ಹೊಸ ಕೇಂದ್ರಗಳ ಗುರಿ ಇಟ್ಟುಕೊಂಡಿದೆ. ಖಾಸಗಿ ಸಂಶೋಧನೆಗೆ ಕಡಿಮೆ ಬಡ್ಡಿಯ ಬಂಡವಾಳ ಒದಗಿಸುವ 1 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2025ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು.

ಸಂಚಾರವೂ ವೃತ್ತಿಯ ಆಯ್ಕೆಯ ಭಾಗವಾಗಿದೆ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಓಡತೊಡಗಿದ ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರ್‌ನಲ್ಲಿ ಕೆ.ಆರ್. ಪುರದ ಮೂಲಕ ವೈಟ್‌ಫೀಲ್ಡ್‌ವರೆಗೆ ಕೂಡಿಕೊಂಡಿತು. ಜ್ಞಾನಭಾರತಿಯೂ ಅದೇ ಮಾರ್ಗದ ಪಶ್ಚಿಮ ಭಾಗದ ಒಂದು ನಿಲ್ದಾಣ. ಪೂರ್ವದಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಊರಿನ ಆಚೆ ಬದಿಗೆ ಓಡಾಡುತ್ತ ಡಾಕ್ಟರೇಟ್ ಮಾಡುವವರೂ ಇದ್ದಾರೆ: ಎಚ್‌ಎಎಲ್, ಎನ್‌ಎಎಲ್, ಡಿಆರ್‌ಡಿಒ ಮತ್ತು ಖಾಸಗಿ ಕಂಪನಿಗಳ ನೌಕರರು ಭಾರತೀಯ ವಿಜ್ಞಾನ ಸಂಸ್ಥೆಯ ಬಾಹ್ಯ ನೋಂದಣಿ ಕಾರ್ಯಕ್ರಮದಲ್ಲಿ, ಕಚೇರಿಯಲ್ಲೊಬ್ಬ ಮತ್ತು ಸಂಸ್ಥೆಯಲ್ಲೊಬ್ಬ ಮಾರ್ಗದರ್ಶಕರ ಕೈಕೆಳಗೆ, ಹುದ್ದೆ ಬಿಡದೆ ಮಹಾಪ್ರಬಂಧ ಬರೆಯುತ್ತಾರೆ.